ಬಾನೆಟ್‌ಗೆ ಅಗಳಿಯೂ ಉಂಟು, ಚಿಲಕವೂ ಉಂಟು

ಪುಸ್ತಕ, ಸಿನಿಮಾ, ವೆಬ್ ಸರಣಿಗಳ ವಿಮರ್ಶೆ ಬರೆಯೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಈ ಸಲ ಕೈಗೆತ್ತಿಕೊಂಡಿರೋದು ಒಂದೂವರೆ ಪುಟದ ಬರಹ. ನಮ್ಮ ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಬಾನೆಟ್ ತೆರೆಯೋದು ಹೇಗೆ ಅಂತ ಹೇಳುವ ಭಾಗ. ಮಾರಾಟವಾದ ಪ್ರತಿ ಕಾರಿನಲ್ಲೂ ಒಂದು ಪ್ರತಿ ಇರುತ್ತೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಹಾಗೇ ಬಿದ್ದಿರುತ್ತೆ. ಅಷ್ಟು ಪ್ರತಿ ಅಚ್ಚಾಗಿ ಇಷ್ಟು ಕಡಿಮೆ ಜನ ಓದುವ ಬರಹ ಇನ್ನೊಂದು ಇರಲಿಕ್ಕಿಲ್ಲ. ನಾನೂ ಮೂರು ವರ್ಷ ಓದಿರಲಿಲ್ಲ. ಓದೋ ಪ್ರಸಂಗ ಬಂದಿದ್ದು ಕುರುಗೋಡಿನ ಹೊರಗೆ, ಮೇ ತಿಂಗಳ ಮಧ್ಯಾಹ್ನ, ರಸ್ತೆ ಬದಿ ಒಂದು ಬೇವಿನ ಮರದ ಅರ್ಧ ನೆರಳಲ್ಲಿ.

ಸಿರುಗುಪ್ಪ ತಾಲ್ಲೂಕಿನ ನಮ್ಮೂರಲ್ಲಿ ಅಣ್ಣನ ಮಗನ ಜವಳ ಇತ್ತು. ಮುಗಿಸಿಕೊಂಡು ಬಳ್ಳಾರಿಗೆ ಹೊರಟಿದ್ವಿ. ಸಿರುಗುಪ್ಪ, ತೆಕ್ಕಲಕೋಟೆ ದಾಟಿ ಹೆದ್ದಾರಿಯಲ್ಲೇ ನೇರ ಹೋಗಿದ್ದರೆ ಬಳ್ಳಾರಿ ಐವತ್ತು ಚಿಲ್ಲರೆ ಕಿಲೋಮೀಟರ್. ಆದರೆ ಮುಂದಿನ ಸೀಟಲ್ಲಿ ಕೂತಿದ್ದ ಅವ್ವ, "ದೊಡ್ಡಬಸಪ್ಪಗ ಒಂದು ಕಾಯಿ ಒಡಿಸ್ಕೊಂಡು ಹೋಗಾಮು" ಅಂದಳು. ಸರಿ ಅಂತ ಸಿರಿಗೇರಿ ಕ್ರಾಸಲ್ಲಿ ಕುರುಗೋಡಿನ ಕಡೆ ತಿರುಗಿದ್ವಿ. ದೊಡ್ಡಬಸವೇಶ್ವರನ ಗುಡಿಯಲ್ಲಿ ಕಾಯಿ ಒಡೆಸಿ, ಒಂದೇ ಕಲ್ಲಲ್ಲಿ ಕಡೆದ ಆ ದೊಡ್ಡ ಬಸವನಿಗೆ ಮಗಳ ಕೈಲಿ ನಮಸ್ಕಾರ ಮಾಡಿಸಿ, ಊರು ಬಿಟ್ಟು ಎರಡು ಕಿಲೋಮೀಟರ್ ಬಂದಿರಬೇಕು. ಡ್ಯಾಶ್‌ಬೋರ್ಡಲ್ಲಿ ಎಂಜಿನ್ ಬಿಸಿಯಾಗಿದೆ ಅನ್ನೋ ಕೆಂಪು ದೀಪ ಹತ್ತಿಕೊಂಡಿತು.

ನಿಲ್ಲಿಸಿದೆ. ಎಂಜಿನ್ ಆಫ್ ಮಾಡಿದೆ. ಇಷ್ಟು ಗೊತ್ತಿತ್ತು. ಮುಂದೇನು? ಬಾನೆಟ್ ಎತ್ತಬೇಕು. ನಾನು ಬಿಇ ಮಾಡಿದವನು, ಹದಿಮೂರು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ. ನನ್ನ ಸ್ವಂತ ಕಾರಿನ ಬಾನೆಟ್ಟನ್ನ ನನ್ನ ಕೈಯಾರೆ ಒಂದು ಸಲವೂ ಎತ್ತಿರಲಿಲ್ಲ. ಸರ್ವಿಸ್ ಸೆಂಟರ್‌ನವರು ಮನೆಗೇ ಬಂದು ಗಾಡಿ ಒಯ್ದು, ತೊಳೆದು ತಂದು ನಿಲ್ಲಿಸ್ತಾರೆ. ನಮಗೇನಿದ್ದರೂ ಬಿಲ್ ಮಾತ್ರ.

ಸೀಟಿನ ಪಕ್ಕದಲ್ಲಿದ್ದ ಒಂದು ಲೀವರ್ ಎಳೆದೆ. ಹಿಂದೆ ಎಲ್ಲೋ 'ಟಕ್' ಅಂತು. ಇಳಿದು ನೋಡಿದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದಿತ್ತು. ಆಗ ಕೈಪಿಡಿ ನೆನಪಾಯ್ತು. ಕವರ್ ಹರಿದು, ಒಳಪುಟ ಹುಡುಕಿದೆ. ಬಾನೆಟ್‌ನ ವಿಷಯ ಇನ್ನೂರು ಚಿಲ್ಲರೆ ಪುಟ ಆದ ಮೇಲೆ, ನಿರ್ವಹಣೆ ಅನ್ನೋ ಅಧ್ಯಾಯದಲ್ಲಿತ್ತು. ಮೊಬೈಲನ್ನ ಬ್ಲೂಟೂತ್‌ಗೆ ಜೋಡಿಸೋದು ಹೇಗೆ ಅನ್ನೋದಕ್ಕೆ ಅದಕ್ಕಿಂತ ಬಹಳ ಮೊದಲೇ, ಬಣ್ಣದ ಚಿತ್ರಗಳ ಸಮೇತ, ಹನ್ನೆರಡು ಪುಟ ಕೊಟ್ಟಿದ್ದರು.

ವಿಮರ್ಶೆಯ ಮೊದಲ ಮಾತು ಇದೇ. ಯಾವುದನ್ನ ಎಲ್ಲಿಡ್ತೀರಿ ಅನ್ನೋದರಲ್ಲೇ ನಿಮ್ಮ ಓದುಗ ಯಾರು ಅಂತ ನೀವು ತೀರ್ಮಾನ ಮಾಡಿರ್ತೀರಿ. ಈ ಕೈಪಿಡಿ ಬರೆದವರ ಕಣ್ಣ ಮುಂದೆ ಇದ್ದವನು ಶೋರೂಮಿನಲ್ಲಿ ಸೋಫಾ ಮೇಲೆ ಕೂತು ಕಾಫಿ ಕುಡೀತಾ ಪುಟ ತಿರುವೋ ಮನುಷ್ಯ. ಕೆಂಪು ದೀಪ ನೋಡಿ ಗಾಬರಿಯಾಗಿ, ಬಿಸಿಲಲ್ಲಿ ಬೆವರುವ ಬೆರಳಿಂದ ಪುಟ ಹುಡುಕುವವನು ಅವರಿಗೆ ಕಂಡಿಲ್ಲ.

ಮೊದಲ ಹೆಜ್ಜೆ ಸುಲಭ ಇತ್ತು. ಸ್ಟೀರಿಂಗ್ ಕೆಳಗೆ, ಬಲಗಡೆ, ಬಾಯಿ ತೆರೆದ ಕಾರಿನ ಚಿತ್ರ ಇರೋ ಲೀವರ್ ಎಳೆಯಬೇಕು. ಎಳೆದೆ. ಬಾನೆಟ್ 'ಧಡ್' ಅಂತ ಒಂದು ಬೆರಳಿನಷ್ಟು ಎದ್ದು ನಿಂತಿತು. ಎರಡನೇ ಹೆಜ್ಜೆಗೆ ಒಂದೇ ವಾಕ್ಯ. ಬಾನೆಟ್ ಕೆಳಗಿರುವ ಎರಡನೆಯ ಲೀವರ್ ಒತ್ತಿ ಎತ್ತಿರಿ ಅನ್ನೋ ಅರ್ಥದ್ದು. ಯಾವ ಕಡೆಗೆ ಒತ್ತಬೇಕು? ಎಡಕ್ಕೋ, ಬಲಕ್ಕೋ, ಮೇಲಕ್ಕೋ? ಅಂಗೈ ಮೇಲೆ ಮಾಡಿ ತೂರಿಸಬೇಕೋ, ಕೆಳಗೆ ಮಾಡಿಯೋ? ಪಕ್ಕದಲ್ಲಿ ಒಂದು ಚಿತ್ರ ಇತ್ತು. ಬಾನೆಟ್ಟನ್ನ ಪೂರ್ತಿ ಎತ್ತಿ ಆ ಕೊಂಡಿಯನ್ನ ಕೆಳಗಿಂದ ನೋಡಿದರೆ ಹೇಗೆ ಕಾಣುತ್ತೋ ಹಾಗೆ ಬರೆದ ಚಿತ್ರ. ಅಂದ್ರೆ ಬಾನೆಟ್ ತೆಗೆದವನಿಗೆ ಮಾತ್ರ ಅರ್ಥವಾಗುವ ಚಿತ್ರ! ತೆಗೆಯಲಿಕ್ಕೆ ಬಾರದವನಿಗಾಗಿ ಬರೆದ ಪುಟದಲ್ಲಿ ಅದು ಕೂತಿತ್ತು.

ಬೆರಳು ತೂರಿಸಿ ತಡಕಾಡಿದೆ. ಗ್ರಿಲ್ ಕಾದು ಸುಡ್ತಿತ್ತು. ಐದು ನಿಮಿಷವಾಯ್ತು, ಹತ್ತಾಯ್ತು. ಅವ್ವ ಕೆಳಗಿಳಿದು ಬಂದು, "ಏನು ಬರದಾರ ಅದರಾಗ, ಓದಿ ಹೇಳು" ಅಂದಳು. ಅವ್ವಗೆ ಓದಲಿಕ್ಕೆ ಬರಲ್ಲ. ನಾನು ಕನ್ನಡದಲ್ಲಿ ಹೇಳಲಿಕ್ಕೆ ಹೊರಟೆ. 'ಪ್ರೈಮರಿ ಲ್ಯಾಚ್', 'ಸೆಕೆಂಡರಿ ಲ್ಯಾಚ್' ಅನ್ನೋದಕ್ಕೆ ಏನನ್ನಲಿ? "ಅವ್ವಾ, ಎರಡು ಲಾಕ್ ಅದಾವಂತೆ. ಒಂದು ಒಳಗಿಂದ ಬಿಟ್ಟೀನಿ, ಇನ್ನೊಂದು ಹೊರಗಿಂದ ಬಿಡಬೇಕಂತೆ" ಅಂದೆ.

"ಅಷ್ಟೇ ಏನು? ಅಗಳಿ ತಗದಿ, ಚಿಲಕ ಇನ್ನಾ ಹಂಗ ಐತಿ" ಅಂದಳು ಅವ್ವ.

ಇಡೀ ಪುಟದಲ್ಲಿ ಇಲ್ಲದ ವಾಕ್ಯ ಅದು. ನಮ್ಮೂರ ಹಳೆ ಮನೆಗಳ ತಲೆಬಾಗಿಲಿಗೆ ಎರಡೂ ಇರುತ್ತಿದ್ದವು. ರಾತ್ರಿ ಮಲಗುವಾಗ ಅಡ್ಡಕ್ಕೆ ಸರಿಸುವ ದಪ್ಪ ಅಗಳಿ, ಬಾಗಿಲ ಮೇಲ್ಗಡೆ ಒಂದು ಚಿಲಕ. ಅಗಳಿಯದು ಬಲದ ಕೆಲಸ, ಚಿಲಕದ್ದು ಬಾಗಿಲು ಗಾಳಿಗೆ ತಾನಾಗಿ ತೆರೆದುಕೊಳ್ಳದ ಹಾಗೆ ನೋಡಿಕೊಳ್ಳೋದು. ಬಾನೆಟ್‌ನಲ್ಲಿರೋದೂ ಇದೇ ಏರ್ಪಾಟು. ಒಳಗಿನ ಲೀವರ್‌ಗೆ ಒಂದು ತಂತಿ ಕೇಬಲ್ ಕಟ್ಟಿರುತ್ತೆ. ಅದು ಎಳೆದಾಗ ಮುಖ್ಯ ಕೊಂಡಿ ಬಿಟ್ಟು, ಸ್ಪ್ರಿಂಗ್ ಬಾನೆಟ್ಟನ್ನ ಸ್ವಲ್ಪ ಮೇಲಕ್ಕೆ ನೂಕುತ್ತೆ. ಆದರೆ ಪೂರ್ತಿ ಏಳೋದಿಲ್ಲ. ಅಂಚಿನ ಕೆಳಗೆ ಇರುವ ಇನ್ನೊಂದು ಕೊಕ್ಕೆ ಹಿಡಿದುಕೊಂಡಿರುತ್ತೆ. ಅದಕ್ಕೆ ಯಾವ ಕೇಬಲ್ಲೂ ಇಲ್ಲ. ಒಬ್ಬ ಮನುಷ್ಯ ಗಾಡಿ ನಿಲ್ಲಿಸಿ, ಇಳಿದು, ಮುಂದೆ ಬಂದು, ಕೈ ಹಾಕಿದರೆ ಮಾತ್ರ ಬಿಡುತ್ತೆ.

ವಿನ್ಯಾಸ ಅಂತ ನೋಡಿದರೆ ಇದಕ್ಕೆ ನಾನು ಪೂರ್ತಿ ಅಂಕ ಕೊಡ್ತೀನಿ. ನಾವು ಆಫೀಸಲ್ಲಿ ಡೇಟಾಬೇಸ್ ಅಳಿಸೋ ಬಟನ್ ಒತ್ತಿದಾಗ 'ಖಂಡಿತಾನಾ?' ಅಂತ ಕೇಳೋ ಪೆಟ್ಟಿಗೆ ಇಡ್ತೀವಿ. ಜನ ಅದನ್ನೂ ಓದದೆ ಒತ್ತಿಬಿಡ್ತಾರೆ, ಯಾಕಂದ್ರೆ ಎರಡೂ ಬಟನ್ ಒಂದೇ ಮೌಸ್‌ನ ಕೆಳಗೆ ಇರ್ತವೆ. ಬಾನೆಟ್ ಮಾಡಿದವರು ಎರಡನೇ ಪ್ರಶ್ನೆಯನ್ನ ಬೇರೆ ಜಾಗದಲ್ಲಿ ಇಟ್ಟರು. ಗಾಡಿ ಓಡಿಸ್ತಾ ಕೂತವನ ಕೈ ಅಲ್ಲಿಗೆ ಎಟಕೋದೇ ಇಲ್ಲ. ಮಗು ಆಟವಾಡ್ತಾ ಒಳಗಿನ ಲೀವರ್ ಎಳೆದರೂ ಬಾನೆಟ್ ಮುಖಕ್ಕೆ ಬಂದು ಬಡಿಯೋದಿಲ್ಲ. ಅಮೆರಿಕದಲ್ಲಿ 1969ರ ಜನವರಿ 1ರಿಂದ ಇದು ಕಾಯಿದೆ. 113ನೇ ಸಂಖ್ಯೆಯ ಸುರಕ್ಷತಾ ಮಾನದಂಡದ ಪ್ರಕಾರ, ಮುಂಭಾಗದಿಂದ ತೆರೆದುಕೊಂಡು ಚಾಲಕನ ನೋಟಕ್ಕೆ ಅಡ್ಡ ಬರಬಹುದಾದ ಬಾನೆಟ್‌ಗೆ ಎರಡನೇ ಹಿಡಿತ ಇರಲೇಬೇಕು.

ಅಡ್ಡ ಬರೋದು ಅಂದ್ರೆ ಎಷ್ಟರಮಟ್ಟಿಗೆ ಅಂತ ಲೆಕ್ಕ ಹಾಕಿ ನೋಡಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದುರಿಗೆ ಬಡಿಯುವ ಗಾಳಿಗೆ ಒಂದು ಚದರ ಮೀಟರ್ ತಗಡಿನ ಮೇಲೆ ಸುಮಾರು 30 ಕೆ.ಜಿ. ತೂಕದಷ್ಟು ಒತ್ತಡ ಇರುತ್ತೆ. ವೇಗ ಅರ್ಧ ಆದರೆ ಒತ್ತಡ ಕಾಲು ಭಾಗ. ಹಾಗಾಗಿ ಊರೊಳಗೆ ನಿಧಾನ ಹೋಗುವಾಗ ಅರ್ಧ ಮುಚ್ಚಿದ ಬಾನೆಟ್ ಸುಮ್ಮನೆ ಕೂತಿರುತ್ತೆ. ಹೆದ್ದಾರಿಗೆ ಬಂದು, ಎದುರಿಂದ ಭತ್ತದ ಲಾರಿಯೊಂದು ಗಾಳಿ ಎರಚಿಕೊಂಡು ಹೋದಾಗ ಏಳುತ್ತೆ. ಎದ್ದರೆ ಗಾಜಿಗೇ ಬಡಿಯುತ್ತೆ, ಮುಂದಿನ ರಸ್ತೆ ಪೂರ್ತಿ ಮಾಯ.

ಇಲ್ಲಿ ನನಗೆ ನಮ್ಮ ಸೋದರಮಾವನ ಜೀಪು ನೆನಪಾಗುತ್ತೆ. ನಾನು ಪ್ರೈಮರಿ ಸ್ಕೂಲಲ್ಲಿದ್ದಾಗ ಮಾವ ಸಿರುಗುಪ್ಪ-ಬಳ್ಳಾರಿ ನಡುವೆ ಹಳೆ ಜೀಪು ಬಾಡಿಗೆ ಓಡಿಸ್ತಿದ್ದ. ಆ ಜೀಪಿನ ಬಾನೆಟ್‌ಗೆ ಹೊರಗಡೆ, ಎಡಕ್ಕೊಂದು ಬಲಕ್ಕೊಂದು, ಕೊಂಡಿಗಳಿದ್ದವು. ಟ್ರಂಕಿನ ಕೊಂಡಿ ಇರ್ತಾವಲ್ಲ, ಹಾಗೆ. ಕೂತ ಕಡೆಯಿಂದಲೇ ಮಾವನಿಗೆ ಅವು ಕಾಣ್ತಿದ್ದವು. ಒಂದು ಸಡಿಲಾಗಿ ಕುಣೀತಿದ್ದರೆ ಗಾಡಿ ನಿಲ್ಲಿಸಿ ಸೈಕಲ್ ಟ್ಯೂಬಿನ ತುಂಡಿಂದ ಬಿಗೀತಿದ್ದ. ಆ ವಿನ್ಯಾಸ ನೋಡಲಿಕ್ಕೆ ಒರಟು. ಆದರೆ ತನ್ನ ಸ್ಥಿತಿಯನ್ನ ತಾನೇ ತೋರಿಸ್ತಿತ್ತು. ಇವತ್ತಿನ ಕಾರು ನಯವಾಗಲಿ, ಗಾಳಿ ಸರಾಗ ಹರಿಯಲಿ ಅಂತ ಎರಡೂ ಕೊಂಡಿಗಳನ್ನ ಒಳಗೆ ಬಚ್ಚಿಟ್ಟಿದೆ. ಬಚ್ಚಿಟ್ಟ ಮೇಲೆ ಮುಚ್ಚಿದೆಯೋ ಇಲ್ಲವೋ ಅಂತ ತಿಳಿಸೋ ಜವಾಬ್ದಾರಿ ಯಾರದು? ಒಂದೋ ಡ್ಯಾಶ್‌ಬೋರ್ಡಿನ ದೀಪದ್ದು, ಇಲ್ಲವೇ ಕೈಪಿಡಿಯದು.

ದೀಪವನ್ನ ಪೂರ್ತಿ ನಂಬಬಹುದು ಅಂತ ನಮ್ಮಂಥ ಸಾಫ್ಟ್‌ವೇರಿನವರು ಅಂದುಕೋತೀವಿ. 2024ರ ಜುಲೈನಲ್ಲಿ ಟೆಸ್ಲಾ ಕಂಪನಿ ಅಮೆರಿಕದಲ್ಲಿ 18 ಲಕ್ಷಕ್ಕೂ ಹೆಚ್ಚು ಕಾರುಗಳಿಗೆ ರೀಕಾಲ್ ಘೋಷಿಸಬೇಕಾಯ್ತು. ಕಾರಣ ಇದೇ: ಬಾನೆಟ್ ತೆರೆದಿದ್ದರೂ ಕಾರಿಗೆ ಅದು ಗೊತ್ತಾಗದೇ ಹೋಗಬಹುದು, ಚಾಲಕನಿಗೆ ಎಚ್ಚರಿಕೆ ಬರದೇ ಇರಬಹುದು. ಪರಿಹಾರ ಸಾಫ್ಟ್‌ವೇರ್ ಅಪ್‌ಡೇಟ್ ರೂಪದಲ್ಲಿ ಹೋಯ್ತು. ಕೊಂಡಿಯ ಹತ್ತಿರ ಇರುವ ಒಂದು ಸಣ್ಣ ಸ್ವಿಚ್ಚು ಹೇಳಿದ್ದನ್ನೇ ಆ ದೀಪ ಹೇಳೋದು. ಸ್ವಿಚ್ಚು ತಪ್ಪು ಹೇಳಿದರೆ ದೀಪವೂ ತಪ್ಪೇ ಹೇಳುತ್ತೆ.

ಎರಡನೇ ಕೊಂಡಿಯನ್ನೂ ಕುರುಡಾಗಿ ನಂಬುವ ಹಾಗಿಲ್ಲ. ನಿಸ್ಸಾನ್ ಕಂಪನಿ 2013ರಿಂದ 2018ರ ಮಾದರಿಯ ಆಲ್ಟಿಮಾ ಕಾರುಗಳನ್ನ ಇದೇ ಎರಡನೇ ಕೊಂಡಿಯ ಸಲುವಾಗಿ ಒಂದಕ್ಕಿಂತ ಹೆಚ್ಚು ಸಲ ಹಿಂದಕ್ಕೆ ಕರೆಸಿಕೊಂಡಿತು. ಕೊಂಡಿ ತಿರುಗುವ ಜಾಗದಲ್ಲಿ ಕೊಳೆ, ತುಕ್ಕು ಕೂತು, ಬಾನೆಟ್ ಮುಚ್ಚಿದರೂ ಅದು ಹಿಡಿದುಕೊಳ್ಳದೆ ತೆರೆದೇ ಉಳಿಯಬಹುದು ಅನ್ನೋದು ದೋಷ. ಇದನ್ನ ಓದಿದಾಗ ನನಗೆ ಬಳ್ಳಾರಿಯೇ ಕಣ್ಣ ಮುಂದೆ ಬಂತು. ಸಂಡೂರು ಕಡೆಯ ಅದಿರಿನ ಕೆಂಪು ಧೂಳು, ಸಿರುಗುಪ್ಪ ಕಡೆ ಕಪ್ಪು ಮಣ್ಣು, ಸುಗ್ಗಿಯಲ್ಲಿ ಭತ್ತದ ಹೊಟ್ಟು. ನಮ್ಮ ಕಡೆ ಕಾರಿನ ಮೂತಿ ಇಷ್ಟನ್ನೂ ನುಂಗಿಕೊಂಡೇ ಓಡಾಡೋದು. ಅಂಥ ಕಡೆ ಆ ಕೊಂಡಿಯನ್ನ ಆಗಾಗ ಒರೆಸಿ, ಒಂದು ತೊಟ್ಟು ಎಣ್ಣೆ ಅಥವಾ ಗ್ರೀಸ್ ಹಾಕಿ, ಬೆರಳಲ್ಲಿ ಒತ್ತಿಬಿಟ್ಟಾಗ ತಾನೇ ಹಿಂದಕ್ಕೆ ಚಿಮ್ಮುತ್ತಾ ಅಂತ ನೋಡಬೇಕು. ನನ್ನ ಕೈಪಿಡಿಯ ಒಂದೂವರೆ ಪುಟದಲ್ಲಿ ಧೂಳು ಅನ್ನೋ ಪದವೇ ಇಲ್ಲ.

ಮತ್ತೆ ಬೇವಿನ ಮರದ ಕೆಳಗೆ ಬರೋಣ. ಅವ್ವ ಹೇಳಿದ್ದರಿಂದ ನನ್ನ ಗಾಬರಿ ಇಳಿಯಿತು, ಕೊಂಡಿ ಮಾತ್ರ ಸಿಗಲಿಲ್ಲ. ನೂರು ಹೆಜ್ಜೆ ಮುಂದೆ ಒಂದು ಪಂಚರ್ ಅಂಗಡಿ ಇತ್ತು. ಅಲ್ಲಿಂದ ಐವತ್ತರ ಆಸುಪಾಸಿನ ಒಬ್ಬರು ಕೈ ಒರೆಸಿಕೊಳ್ತಾ ಬಂದರು.

"ಯಾಕ ತಮ್ಮಾ, ಏನಾತು?"

"ಬಾನೆಟ್ ಏಳ್ತಿಲ್ಲ ಅಣ್ಣಾ."

"ಅಂಗೈ ಮ್ಯಾಲ ಮಾಡು. ಭಿಕ್ಷಾ ಬೇಡ್ತಾರಲ್ಲ, ಹಂಗ. ನಟ್ಟ ನಡುವ ತೂರ್ಸು. ನಾಲಗಿ ಇದ್ದಂಗ ಒಂದು ಸಿಗ್ತೈತಿ, ಎಡಕ್ಕ ಸರ್ಸು."

ತೂರಿಸಿದೆ, ಸರಿಸಿದೆ, ಬಂತು. ಆ ಮನುಷ್ಯ ನನ್ನ ಕಾರನ್ನ ಮುಟ್ಟಿರಲೂ ಇಲ್ಲ. ಬಾಯಲ್ಲಿ ಹೇಳಿದ ನಾಲ್ಕು ವಾಕ್ಯ ಕೈಪಿಡಿಯ ಪುಟವನ್ನ ಸೋಲಿಸಿತು. ಯಾಕೆ ಅಂತ ಆಮೇಲೆ ಯೋಚಿಸಿದೆ. ಕೈಪಿಡಿ ವಿವರಿಸಿದ್ದು ಭಾಗವನ್ನ, ಅಣ್ಣ ವಿವರಿಸಿದ್ದು ನನ್ನ ಕೈಯನ್ನ. ಕಣ್ಣಿಗೆ ಕಾಣದ ಜಾಗದಲ್ಲಿ ಮಾಡೋ ಕೆಲಸಕ್ಕೆ ಕೈ ಹೇಗಿರಬೇಕು, ಎಲ್ಲಿ ಹೋಗಬೇಕು, ತಾಗಿದಾಗ ಹೇಗನ್ನಿಸಬೇಕು ಅನ್ನೋದೇ ಸೂಚನೆ. ಕೆಲವು ಕಾರಲ್ಲಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ, ಇನ್ನು ಕೆಲವದರಲ್ಲಿ ಮೇಲಕ್ಕೆ ಒತ್ತಬೇಕು. ಒಳಗಿನ ಲೀವರ್ ಕೂಡ ಎಲ್ಲದರಲ್ಲೂ ಬಲಗಡೆಯೇ ಇರಲ್ಲ. ಯುರೋಪಿನ ಮೂಲದ ಕೆಲವು ಕಾರುಗಳಲ್ಲಿ ಪಕ್ಕದ ಸೀಟಿನವರ ಕಾಲ ಬಳಿ, ಎಡಗಡೆ ಇರುತ್ತೆ. ಸ್ಟೀರಿಂಗ್ ಎಡಕ್ಕಿದ್ದ ದೇಶಕ್ಕೆ ಮಾಡಿದ್ದನ್ನ ನಮಗೆ ಬದಲಾಯಿಸುವಾಗ ಸ್ಟೀರಿಂಗ್ ಬಲಕ್ಕೆ ಬಂತು, ಲೀವರ್ ಅಲ್ಲೇ ಉಳೀತು. ಹಳೇ ಕೋಡ್ ಮುಟ್ಟಲಿಕ್ಕೆ ಹೆದರೋ ನಮ್ಮವರ ಬುದ್ಧಿ ಅಲ್ಲೂ ಇದೆ ಅಂತ ಆಯ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಈ ವಿಮರ್ಶೆ 'ಪುಸ್ತಕದ ಬದನೆಕಾಯಿ' ಅನ್ನೋ ಗಾದೆಗೆ ಇನ್ನೊಂದು ಉದಾಹರಣೆ ಆಗ್ತಿತ್ತು. ನೀವೂ ತಲೆಯಾಡಿಸಿ ಮುಂದಿನ ಲೇಖನಕ್ಕೆ ಹೋಗ್ತಿದ್ದಿರಿ. ಆದರೆ ಮುಂದೆ ಆಗಿದ್ದು ಬೇರೆ.

ಬಾನೆಟ್ ಎತ್ತಿ ಸರಳನ್ನ ತೂತಿಗೆ ಸಿಕ್ಕಿಸಿದ್ದೇ ತಡ, ಅಣ್ಣ ಒಂದು ಒದ್ದೆ ಗೋಣಿಚೀಲದ ತುಂಡು ತಂದು ರೇಡಿಯೇಟರ್ ಮುಚ್ಚಳದ ಮೇಲೆ ಹಾಕಿದರು. "ನೀರು ಕಡಿಮಿ ಆಗಿರ್ತೈತಿ, ಹಾಕಾಮು ತಡಿ" ಅಂತ ತಿರುಗಿಸಲಿಕ್ಕೆ ಹೋದರು. ಅವರ ಮುಖ ಮುಚ್ಚಳಕ್ಕೆ ಒಂದು ಅಡಿ ದೂರದಲ್ಲಿತ್ತು. ನನ್ನ ಕೈಯಲ್ಲಿ ಕೈಪಿಡಿ ಇನ್ನೂ ತೆರೆದೇ ಇತ್ತು. ಅದೇ ಪುಟದ ಕೆಳಗೆ ಹಳದಿ ತ್ರಿಕೋನ, ಪಕ್ಕದಲ್ಲಿ ದಪ್ಪಕ್ಷರದಲ್ಲಿ, ಬಿಸಿ ಎಂಜಿನ್‌ನಲ್ಲಿ ಈ ಮುಚ್ಚಳ ತೆರೆಯಬೇಡಿ ಅಂತ.

"ಅಣ್ಣಾ, ಬ್ಯಾಡ. ಕೈ ತಗೀರಿ" ಅಂದೆ. ಸ್ವಲ್ಪ ಜೋರಾಗೇ ಅಂದೆ ಅನ್ಸುತ್ತೆ. ಅವರು ನನ್ನ ಮುಖ ನೋಡಿದರು.

ಇದರ ಹಿಂದಿನ ವಿಜ್ಞಾನ ಪ್ರೆಶರ್ ಕುಕ್ಕರಿನದೇ. ಮುಚ್ಚಳ ಬಿಗಿಯಾಗಿರೋದರಿಂದ ಒಳಗೆ ಒತ್ತಡ ಏರುತ್ತೆ. ಸಾಮಾನ್ಯ ಮುಚ್ಚಳ ಹೊರಗಿನ ವಾತಾವರಣಕ್ಕಿಂತ ಸುಮಾರು ಒಂದು ಬಾರ್ ಹೆಚ್ಚು ಒತ್ತಡ ತಡೆಯುತ್ತೆ. ಅಷ್ಟು ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯೋದಿಲ್ಲ, 120ರ ಹತ್ತಿರಕ್ಕೆ ಹೋಗುತ್ತೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಬೀಳುತ್ತೆ, ಅಷ್ಟೂ ನೀರು ಒಮ್ಮೆಲೇ ಕುದಿದು ಆವಿಯ ಜೊತೆ ಮುಖಕ್ಕೆ ಚಿಮ್ಮುತ್ತೆ. ಒದ್ದೆ ಗೋಣಿ ಅದನ್ನ ತಡೆಯಲ್ಲ. ಇಷ್ಟನ್ನೂ ನಾನು ಅವರಿಗೆ ಕುಕ್ಕರ್ ಉದಾಹರಣೆ ಕೊಟ್ಟು ಹೇಳಿದೆ. ಅವರು ಅಂಗಿ ತೋಳು ಮೇಲೆ ಸರಿಸಿ, ಮೊಣಕೈ ತನಕ ಇದ್ದ ಹಳೇ ಸುಟ್ಟ ಕಲೆ ತೋರಿಸಿದರು. "ಇದು ಲಾರೀದು. ಇಪ್ಪತ್ತು ವರ್ಷಾತು. ಕಾರು ಸಣ್ಣದಲ್ಲ, ಏನಾಗಲ್ಲ ಅನ್ಕಂಡೆ" ಅಂದರು.

ನಾಲ್ಕು ವಾಕ್ಯದಲ್ಲಿ ನನಗೆ ಬಾನೆಟ್ ತೆಗೆಯಲಿಕ್ಕೆ ಕಲಿಸಿದ ಮನುಷ್ಯ ತಾನೇ ಒಮ್ಮೆ ಸುಟ್ಟುಕೊಂಡರೂ ಮತ್ತೆ ಅದನ್ನೇ ಮಾಡಲಿಕ್ಕೆ ಹೊರಟಿದ್ದ. ಅನುಭವಕ್ಕೆ ಒಂದು ಕೊರತೆ ಇದೆ. ನೂರು ಸಲ ಏನೂ ಆಗದೇ ಹೋದರೆ ನೂರಾ ಒಂದನೇ ಸಲ ಎಚ್ಚರ ತಪ್ಪುತ್ತೆ. ಅಚ್ಚಾದ ಪುಟಕ್ಕೆ ಆ ಮರೆವು ಇಲ್ಲ. ಹಳದಿ ತ್ರಿಕೋನ ಬರೆದವರು ಯಾರೋ, ಯಾವ ದೇಶದವರೋ, ಕುರುಗೋಡಿನ ಹೆಸರೂ ಕೇಳಿರಲಿಕ್ಕಿಲ್ಲ. ಅವತ್ತು ಅವರ ಒಂದು ವಾಕ್ಯ ಈ ಅಣ್ಣನ ಮುಖ ಉಳಿಸಿತು. ಹಾಗಾಗಿ ಕೈಪಿಡಿಗೆ ನಾನು ಸೊನ್ನೆ ಕೊಡಲಾರೆ.

ನನ್ನ ದೂರು ಈಗ ಹೆಚ್ಚು ಸ್ಪಷ್ಟವಾಗಿದೆ. ಆ ವಾಕ್ಯ ಓದಿದ್ದು ನಾನು, ಯಾಕಂದ್ರೆ ಅದು ಇಂಗ್ಲಿಷಿನಲ್ಲಿತ್ತು. ದಿನಾ ಹತ್ತು ಗಾಡಿಯ ಬಾನೆಟ್ ಎತ್ತುವ ಅಣ್ಣನಿಗೆ ಅದು ತಲುಪಿರಲಿಲ್ಲ. ಎಚ್ಚರಿಕೆ ಯಾರಿಗೆ ಹೆಚ್ಚು ಬೇಕೋ ಅವರಿಗೆ ಓದಲಿಕ್ಕೆ ಬಾರದ ಭಾಷೆಯಲ್ಲಿದೆ. ನಮ್ಮ ಮನೆಯವರನ್ನ ಜಾತ್ರೆಗೆ, ಆಸ್ಪತ್ರೆಗೆ, ಮದುವೆಗೆ ಕರಕೊಂಡು ಹೋಗೋ ಬಾಡಿಗೆ ಗಾಡಿಯ ಚಾಲಕರೂ ಇದೇ ಸಾಲಿನವರು. ಅವರಿಗೆ ಗೊತ್ತಿರೋದು ಪುಟದಲ್ಲಿಲ್ಲ, ಪುಟದಲ್ಲಿರೋದು ಅವರಿಗೆ ಗೊತ್ತಿಲ್ಲ. ಎರಡನ್ನೂ ಓದಬಲ್ಲ ನಮ್ಮಂಥವರು ಬೆಂಗಳೂರಲ್ಲಿ ಕೂತು ಸರ್ವಿಸ್ ಬುಕ್ ಮಾಡ್ತಿರ್ತೀವಿ.

ಮುಕ್ಕಾಲು ಗಂಟೆ ಕಾದ್ವಿ. ಮಗಳು ಬೇವಿನ ಹಣ್ಣು ಆರಿಸಿದಳು, ಅಣ್ಣ ಅಂಗಡಿಯಿಂದ ಅವ್ವಗೆ ಕುರ್ಚಿ ತಂದು ಹಾಕಿದರು. ಎಂಜಿನ್ ಆರಿದ ಮೇಲೆ ಮುಚ್ಚಳ ತೆಗೆದು ನೋಡಿದರೆ ನಿಜಕ್ಕೂ ನೀರು ಕಡಿಮೆಯಾಗಿತ್ತು. ಒಂದು ಪೈಪಿನ ಕ್ಲಿಪ್ ಸಡಿಲಾಗಿತ್ತು. ಅಣ್ಣ ಬಿಗಿ ಮಾಡಿದರು, ನೀರು ಹಾಕಿದ್ವಿ. ನಾನು ಸರಳು ಇಳಿಸಿ, ಬಾನೆಟ್ಟನ್ನ ನಿಧಾನ ತಂದು, ಎರಡೂ ಅಂಗೈಯಿಂದ ಮೆತ್ತಗೆ ಒತ್ತಿದೆ. 'ಟಕ್' ಅಂತು. ಸ್ಟೀರಿಂಗ್ ಹಿಂದೆ ಕೂತು ಸ್ಟಾರ್ಟ್ ಮಾಡಿದೆ.

ಅಣ್ಣ ಕೈ ಎತ್ತಿದರು. "ತಮ್ಮಾ, ಬಂದ್ ಮಾಡು. ಕಿವಿಗೊಟ್ಟು ಕೇಳಿದೇನು? ಒಂದ ಸಲ ಟಕ್ ಅಂತು."

ಇಳಿದು ಬಂದೆ. ಅವರು ಬಾನೆಟ್‌ನ ಅಂಚಿಗೆ ಎರಡು ಬೆರಳು ಕೊಟ್ಟು ಎತ್ತಿದರು. ಅಲ್ಲಾಡಿತು. ಚಿಲಕ ಮಾತ್ರ ಬಿದ್ದಿತ್ತು, ಅಗಳಿ ಬಿದ್ದಿರಲಿಲ್ಲ. ನನ್ನ ಡ್ಯಾಶ್‌ಬೋರ್ಡಲ್ಲಿ ಯಾವ ದೀಪವೂ ಹತ್ತಿರಲಿಲ್ಲ, ಯಾಕಂದ್ರೆ ನಮ್ಮ ಕಾರಿನ ಆ ಮಾದರಿಗೆ ಬಾನೆಟ್ ದೀಪವೇ ಇಲ್ಲ. ಅಣ್ಣ ಬಾನೆಟ್ಟನ್ನ ಗೇಣುದ್ದ ಎತ್ತಿ ಕೈ ಬಿಟ್ಟರು. ತನ್ನ ತೂಕಕ್ಕೆ ತಾನೇ ಬಿತ್ತು. 'ಟಕ್-ಟಕ್.' ಎರಡು ಸದ್ದು, ಒಂದರ ಬೆನ್ನಿಗೆ ಇನ್ನೊಂದು. ಮತ್ತೆ ಬೆರಳು ಕೊಟ್ಟು ಎತ್ತಿ ನೋಡಿದರು. ಕಲ್ಲಿನ ಹಾಗೆ ಕೂತಿತ್ತು.

ಅಲ್ಲಿಂದ ಬಳ್ಳಾರಿಗೆ ಇನ್ನೂ ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿ. ಖಾಲಿ ಸಿಕ್ಕರೆ ನಾನು 80ಕ್ಕಿಂತ ಕಡಿಮೆ ಓಡಿಸೋನಲ್ಲ. ಎರಡನೇ ಕೊಂಡಿ ಹಿಡಿದುಕೊಂಡಿರ್ತಿತ್ತೇನೋ. ಮೂರು ವರ್ಷ ಯಾರೂ ಒರೆಸದ, ಎಣ್ಣೆ ಕಾಣದ ಕೊಂಡಿ ಅದು. ಅದರ ಹಿಂದೆ, ಗಾಜಿನ ಈಚೆ, ಅವ್ವ ಕೂತಿದ್ದಳು.

ಕೈಪಿಡಿಯಲ್ಲಿ ಈ ವಿಷಯ ಇಲ್ಲವಾ ಅಂತ ರಾತ್ರಿ ಬಳ್ಳಾರಿ ಮನೆಯಲ್ಲಿ ಮತ್ತೆ ತೆಗೆದು ನೋಡಿದೆ. ಇತ್ತು. ಕೊನೇ ಸಾಲಿನಲ್ಲಿ, ಬಾನೆಟ್ ಸರಿಯಾಗಿ ಮುಚ್ಚಿದೆಯೇ ಎಂದು ಖಚಿತಪಡಿಸಿಕೊಳ್ಳಿ ಅನ್ನೋ ಅರ್ಥದ ಒಂದು ವಾಕ್ಯ. 'ಸರಿಯಾಗಿ' ಅಂದ್ರೆ ಏನು? ಹೇಗೆ ಖಚಿತಪಡಿಸಿಕೊಳ್ಳೋದು? ಹೇಳಿಲ್ಲ. ಇಡೀ ಬರಹದ ದೊಡ್ಡ ದೋಷ ಇದು ಅಂತ ನನ್ನ ತೀರ್ಪು. ತೆರೆಯೋದಕ್ಕೆ ಒಂದು ಪುಟ ಕೊಟ್ಟವರು ಮುಚ್ಚೋದಕ್ಕೆ ಎರಡು ಸಾಲು ಕೊಟ್ಟಿದ್ದಾರೆ. ತೆರೆಯಲಿಕ್ಕೆ ಬರದಿದ್ದರೆ ಗಾಡಿ ನಿಂತಲ್ಲೇ ನಿಂತಿರುತ್ತೆ, ಬಿಸಿಲಲ್ಲಿ ಒಂದು ಗಂಟೆ ಹೋಗುತ್ತೆ ಅಷ್ಟೇ. ಮುಚ್ಚಲಿಕ್ಕೆ ಬರದಿದ್ದರೆ ಗಾಡಿ ಓಡುತ್ತೆ. ಅಪಾಯ ಇರೋದು ಅಲ್ಲಿ.

ಬೈಯೋ ಮೊದಲು ನನ್ನದೇ ಕೆಲಸ ನೆನಪಾಯ್ತು. ರಾತ್ರಿ ಸರ್ವರ್ ಬಿದ್ದರೆ ಡ್ಯೂಟಿಯಲ್ಲಿರೋ ಹುಡುಗರು ಏನು ಮಾಡಬೇಕು ಅಂತ ನಾನೂ ಕೈಪಿಡಿ ಬರೀತೀನಿ. ಅದರ ಕೊನೇ ಸಾಲು, 'ಎಲ್ಲ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳಿ.' ಸೋಮವಾರ ಆಫೀಸಿಗೆ ಹೋಗಿ ಮೊದಲು ತಿದ್ದಿದ್ದು ಅದನ್ನ.

ಆಮೇಲೆ ಒಂದು ಕಾಗದದಲ್ಲಿ, ಅಣ್ಣ ಹೇಳಿದ್ದು, ಅವ್ವ ಹೇಳಿದ್ದು, ಕೈಪಿಡಿ ಹೇಳಿದ್ದು ಸೇರಿಸಿ, ಕನ್ನಡದಲ್ಲಿ ಬರೆದು ಕಾರಿನಲ್ಲಿ ಇಟ್ಟಿದ್ದೀನಿ. ವಿಮರ್ಶಕ ಅಂದ ಮೇಲೆ ನೀನೇ ಬರೆದು ತೋರಿಸು ಅಂತಾರಲ್ಲ, ಅದಕ್ಕೆ ಇಲ್ಲೂ ಕೊಡ್ತೀನಿ:

1. ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ. ಬಾನೆಟ್ ಸಂದಿಯಿಂದ ಆವಿ ಬರ್ತಿದ್ದರೆ ಅದು ನಿಲ್ಲೋ ತನಕ ಮುಟ್ಟಬೇಡಿ.

2. ಅಗಳಿ ಒಳಗಿದೆ: ಕಾರಿನ ಚಿತ್ರ ಇರೋ ಲೀವರ್ ಎಳೆಯಿರಿ. ಎಳೆದರೂ ಬಾನೆಟ್ ಏಳದಿದ್ದರೆ ಒಬ್ಬರು ಲೀವರ್ ಎಳೆದು ಹಿಡಿಯಿರಿ, ಇನ್ನೊಬ್ಬರು ಬಾನೆಟ್‌ನ ಮುಂದಿನ ನಡುಭಾಗವನ್ನ ಕೆಳಕ್ಕೆ ಒತ್ತಿಬಿಡಿ.

3. ಚಿಲಕ ಹೊರಗಿದೆ: ಅಂಗೈ ಮೇಲೆ ಮಾಡಿ ನಡುವೆ ತೂರಿಸಿ. ನಾಲಿಗೆಯಂಥದ್ದು ಸಿಗುತ್ತೆ. ನಮ್ಮ ಕಾರಲ್ಲಿ ಎಡಕ್ಕೆ ಸರಿಸಬೇಕು. ಮುಖ ಹಿಂದಕ್ಕಿರಲಿ.

4. ಸರಳನ್ನ ಅದರ ತೂತಿಗೇ ಸಿಕ್ಕಿಸಿ. ಸರಳು ಬಿಸಿ ಇದ್ದರೆ ಬಟ್ಟೆ ಹಿಡಿಯಿರಿ. ಗಾಳಿ ಜೋರಿದ್ದರೆ ಒಂದು ಕೈ ಬಾನೆಟ್ ಮೇಲೇ ಇರಲಿ.

5. ಫ್ಯಾನಿನ ಹತ್ತಿರ ಕೈ, ಸೆರಗು, ದುಪಟ್ಟಾ ಬೇಡ. ಎಂಜಿನ್ ಆಫ್ ಇದ್ದರೂ ಅದು ತಾನಾಗಿ ತಿರುಗಬಹುದು.

6. ರೇಡಿಯೇಟರ್ ಮುಚ್ಚಳ ಕುಕ್ಕರ್ ಇದ್ದ ಹಾಗೆ. ಪೂರ್ತಿ ಆರುವ ತನಕ ತೆಗೆಯಬೇಡಿ. ಗೋಣಿ ಹಾಕಿದರೂ ಬೇಡ.

7. ಮುಚ್ಚುವಾಗ ಗೇಣುದ್ದದಿಂದ ಕೈ ಬಿಡಿ. ಎರಡು ಸದ್ದು ಕೇಳಬೇಕು. ಆಮೇಲೆ ಅಂಚಿಗೆ ಬೆರಳು ಕೊಟ್ಟು ಎತ್ತಿ ನೋಡಿ. ಅಲ್ಲಾಡಿದರೆ ಅಗಳಿ ಬಿದ್ದಿಲ್ಲ, ಮತ್ತೆ ತೆಗೆದು ಹಾಕಿ.

8. ಓಡುವಾಗ ಬಾನೆಟ್ ಎದ್ದರೆ ಬ್ರೇಕನ್ನ ಒಮ್ಮೆಲೇ ಒತ್ತಬೇಡಿ. ವೇಗ ಇಳಿಸುತ್ತಾ, ಬಾನೆಟ್ ಕೆಳಗಿನ ಸಂದಿಯಿಂದ ಅಥವಾ ಪಕ್ಕದ ಕಿಟಕಿಯಿಂದ ನೋಡುತ್ತಾ, ನಾಲ್ಕೂ ಇಂಡಿಕೇಟರ್ ಹಾಕಿ ಎಡಕ್ಕೆ ನಿಲ್ಲಿಸಿ.

9. ತಿಂಗಳಿಗೊಮ್ಮೆ ಕೊಂಡಿ ಒರೆಸಿ, ಎಣ್ಣೆ ಬಿಡಿ. ನಮ್ಮ ಕಡೆ ಧೂಳು ಜಾಸ್ತಿ.

ಇದರ ಒಂದು ನಕಲು ಕುರುಗೋಡಿನ ಪಂಚರ್ ಅಂಗಡಿಯಲ್ಲೂ ಇದೆ. ದಸರಾಕ್ಕೆ ಊರಿಗೆ ಹೋದಾಗ ಕೊಟ್ಟು ಬಂದೆ. ಅಣ್ಣ ಓದಿ, ಮೂರನೇ ಸಾಲಿಗೆ ತಕರಾರು ಎತ್ತಿದರು. "ಭಿಕ್ಷಾ ಬೇಡಿದಂಗ ಅಂತ ಬರಿಬೇಕಿತ್ತು ತಮ್ಮಾ, ಅಂಗೈ ಮ್ಯಾಲ ಅಂದ್ರ ಕೆಲವರಿಗೆ ತಿಳಿಯಲ್ಲ." ಸರಿ ಅಂತ ಅವರ ಪ್ರತಿಯಲ್ಲಿ ಪೆನ್ನಿಂದ ಹಾಗೇ ತಿದ್ದಿಕೊಟ್ಟೆ.

ಈ ಭಾನುವಾರ ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು, ಕಾರು ತಣ್ಣಗಿರುವಾಗ, ಒಮ್ಮೆ ನಿಮ್ಮ ಕೈಯಾರೆ ಬಾನೆಟ್ ತೆಗೆದು ಮುಚ್ಚಿ ನೋಡಿ. ನಿಮ್ಮ ಕಾರಿನ ಚಿಲಕ ಎಡಕ್ಕೋ ಬಲಕ್ಕೋ ಅಂತ ನನಗೆ ಗೊತ್ತಿಲ್ಲ, ಅದನ್ನ ನೀವೇ ಬರೆದುಕೊಳ್ಳಬೇಕು. ಮನೆಯಲ್ಲಿ ಗಾಡಿ ಓಡಿಸೋ ಇನ್ನೊಬ್ಬರನ್ನೂ ಕರಕೊಂಡು ಹೋಗಿ.